ಚಳಿ ಇರುವುದು ನೆಲದಲ್ಲಿ

ಚಳಿಗಾಲದಲ್ಲಿ ಕಾರ್ಯಾಗಾರದಲ್ಲಿ ನಿಂತು ಕೆಲಸ ಮಾಡುವವರನ್ನು ಮಾತಾಡಿಸಿ ನೋಡಿ. ಕೈ ಮರಗಟ್ಟಿತು ಅನ್ನುತ್ತಾರೆ, ಬೆನ್ನು ಹಿಡಿಯಿತು ಅನ್ನುತ್ತಾರೆ, ಅಂಟು ಬೇಗ ಕಚ್ಚುತ್ತಿಲ್ಲ ಎಂದು ಗೊಣಗುತ್ತಾರೆ. ಕಾಲಿನ ಸುದ್ದಿ ಮಾತ್ರ ಬಾಯಿಗೆ ಬರುವುದೇ ಅಪರೂಪ. ಕಾಲು ತಣ್ಣಗಾಗುವುದು ಕಸುಬಿನ ಜೊತೆಗೇ ಬಂದದ್ದು, ಹಲ್ಲು ಕಚ್ಚಿ ಸಹಿಸಿಕೊಳ್ಳಬೇಕು ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಂತಿದೆ. ಸಹಿಸಿಕೊಂಡವರನ್ನು ಗಟ್ಟಿಗರು ಎಂದು ಹೊಗಳುವುದೂ ಉಂಟು.

ನಾನು ಇದನ್ನು ಒಪ್ಪುವುದಿಲ್ಲ. ಬೆಂಚಿನ ಮೇಲೆ ಬೆಳಕು ಸಾಲದಿದ್ದರೆ ಇನ್ನೊಂದು ದೀಪ ಹಾಕುತ್ತೇವೆ. ಉಳಿ ಮೊಂಡಾದರೆ ಸಾಣೆ ಹಿಡಿಯುತ್ತೇವೆ. ಅದನ್ನು ಸಹಿಸಿಕೊಂಡು ದಿನ ದೂಡುವವರನ್ನು ಯಾರೂ ಗಟ್ಟಿಗರು ಅನ್ನುವುದಿಲ್ಲ. ತಣ್ಣಗೆ ಕೊರೆಯುವ ನೆಲವೂ ಇಂಥದೇ ಒಂದು ಕೊರತೆ, ಸರಿಪಡಿಸಬಹುದಾದ ಕೊರತೆ. ಅದರ ಪರಿಣಾಮ ಕಾಲಿಗಷ್ಟೇ ನಿಲ್ಲುವುದಿಲ್ಲ. ಪಾದ ಕೊರೆಯತೊಡಗಿದ ಮೇಲೆ ಮನಸ್ಸು ಕೆಲಸದಲ್ಲಿ ನಿಲ್ಲುವುದಿಲ್ಲ. ಇದೊಂದು ಕೀಲು ಕೂರಿಸಿ ಒಳಗೆ ಹೋಗೋಣ, ಇದೊಂದು ಗೆರೆ ಎಳೆದು ಮುಗಿಸೋಣ ಎಂಬ ಅವಸರ ಶುರುವಾಗುತ್ತದೆ. ಅಳತೆ ತಪ್ಪುವುದು ಆ ಹೊತ್ತಿನಲ್ಲೇ. ಅಂಗಾಲಿನ ಸ್ಪರ್ಶ ಮಂಕಾದರೆ ನಿಂತವರ ತೂಗಾಟ ಹೆಚ್ಚುತ್ತದೆ. ಕಾಲಡಿ ಬಿದ್ದ ಮರದ ತುಂಡು ತಿಳಿಯುವುದಿಲ್ಲ, ಯಂತ್ರದ ಪೆಡಲನ್ನು ಎಷ್ಟು ಒತ್ತಿದ್ದೇವೆ ಎಂಬ ಅಂದಾಜೂ ತಪ್ಪುತ್ತದೆ. ತಿರುಗುವ ಗರಗಸದ ಮುಂದೆ ನಿಂತವರಿಗೆ ಇದು ಸಣ್ಣ ವಿಷಯವಲ್ಲ.

ಮೊದಲು ದೇಹದ ಲೆಕ್ಕಾಚಾರ ನೋಡೋಣ. ಪಾದದಲ್ಲಿ ಮೂಳೆ, ಸ್ನಾಯುರಜ್ಜು, ಚರ್ಮ ಇವೇ ಹೆಚ್ಚು, ಶಾಖ ಹುಟ್ಟಿಸುವ ಮಾಂಸಖಂಡ ಕಡಿಮೆ. ಗಾತ್ರ ಸಣ್ಣದು, ಹೊರಮೈ ದೊಡ್ಡದು. ಹಾಗಾಗಿ ಪಾದ ತನ್ನನ್ನು ತಾನು ಕಾಯಿಸಿಕೊಳ್ಳಲಾರದು. ಅದರ ಬಿಸಿಯೆಲ್ಲ ಮೇಲಿನಿಂದ ರಕ್ತದ ಜೊತೆ ಇಳಿದು ಬರಬೇಕು. ಅಂಗಾಲಿನಲ್ಲೂ ಬೆರಳುಗಳಲ್ಲೂ ರಕ್ತ ತರುವ ಅಪಧಮನಿಯನ್ನು, ರಕ್ತ ಹಿಂದಕ್ಕೊಯ್ಯುವ ಅಭಿಧಮನಿಗೆ ನೇರವಾಗಿ ಸೇರಿಸುವ ಪುಟ್ಟ ಅಡ್ಡದಾರಿಗಳಿವೆ. ಮೈ ಬೆಚ್ಚಗಿದ್ದಾಗ ಅವು ತೆರೆದು ಧಾರಾಳವಾಗಿ ರಕ್ತ ಹರಿಸುತ್ತವೆ. ಎದೆ, ಹೊಟ್ಟೆಯ ಭಾಗ ತಣ್ಣಗಾಗುವ ಸೂಚನೆ ಸಿಕ್ಕಿದ ಕೂಡಲೇ ನರಗಳು ಅವನ್ನು ಮುಚ್ಚಿಸುತ್ತವೆ. ಹೃದಯ, ಮಿದುಳು, ಯಕೃತ್ತು 37 ಡಿಗ್ರಿಯ ಹತ್ತಿರ ಇರಬೇಕು, ಅದಕ್ಕಾಗಿ ಕಾಲ್ಬೆರಳನ್ನು ಕೈಬಿಡಲು ದೇಹ ಹಿಂದೆಮುಂದೆ ನೋಡುವುದಿಲ್ಲ. ಸಾಲದ್ದಕ್ಕೆ ಕೆಳಗಿಳಿಯುವ ಬಿಸಿ ರಕ್ತವೂ ಮೇಲೇರುವ ತಣ್ಣನೆಯ ರಕ್ತವೂ ಮೊಣಕಾಲಿನ ಕೆಳಗೆ ಅಕ್ಕಪಕ್ಕದಲ್ಲೇ ಹರಿಯುತ್ತವೆ, ದಾರಿಯಲ್ಲೇ ಶಾಖ ಕೈ ಬದಲಾಗುತ್ತದೆ. ಪಾದ ಮುಟ್ಟುವಷ್ಟರಲ್ಲಿ ಅಪಧಮನಿಯ ರಕ್ತವೂ ಅಷ್ಟೇನೂ ಬಿಸಿಯಾಗಿ ಉಳಿದಿರುವುದಿಲ್ಲ.

ಆದ್ದರಿಂದ ಕಾಲು ಬೆಚ್ಚಗಿರಬೇಕೆಂದರೆ ಎರಡು ಕೆಲಸ ಆಗಬೇಕು. ಮೇಲಿನಿಂದ ಬಿಸಿ ಬರುತ್ತಿರಬೇಕು, ಕೆಳಗಿನಿಂದ ಅದು ಸೋರಿಹೋಗಬಾರದು. ನಾವು ಸಾಮಾನ್ಯವಾಗಿ ಈ ಎರಡನ್ನೂ ಬಿಟ್ಟು ಮೂರನೆಯದಕ್ಕೆ ಕೈ ಹಾಕುತ್ತೇವೆ, ಕೋಣೆಯ ಗಾಳಿಯನ್ನು ಕಾಯಿಸುತ್ತೇವೆ.

ಗಾಳಿ ಕಾಯಿಸಿದರೆ ಏಕೆ ಸಾಲದು ಎನ್ನುವುದಕ್ಕೆ ಒಂದು ಸರಳ ಲೆಕ್ಕವಿದೆ. 10 ಸೆಂಟಿಮೀಟರ್ ದಪ್ಪದ ಕಾಂಕ್ರೀಟು ನೆಲ ಒಂದು ಚದರ ಮೀಟರಿಗೆ ಸುಮಾರು 240 ಕಿಲೋ ತೂಗುತ್ತದೆ. 20 ಚದರ ಮೀಟರ್ ನೆಲವನ್ನು 10 ಡಿಗ್ರಿ ಮೇಲೇರಿಸಲು ಹೆಚ್ಚುಕಡಿಮೆ 12 ಯೂನಿಟ್ ವಿದ್ಯುತ್ತು ಬೇಕು. ಅಂದರೆ 2 ಕಿಲೋವ್ಯಾಟಿನ ಹೀಟರು ತನ್ನ ಶಾಖವನ್ನೆಲ್ಲ ನೆಲಕ್ಕೇ ಕೊಟ್ಟರೂ ಆರು ಗಂಟೆ ಉರಿಯಬೇಕು. ಅದು ನೆಲಕ್ಕೆ ಕೊಡುವುದಾದರೂ ಎಷ್ಟು? ಬಿಸಿಗಾಳಿ ಎದ್ದು ಸೂರಿಗೆ ಹೋಗಿ ಕೂರುತ್ತದೆ. ನೆಲ ತನಗೆ ಸಿಕ್ಕ ಚೂರುಪಾರನ್ನೂ ಅಡಿಯ ಮಣ್ಣಿಗೆ ದಾಟಿಸುತ್ತಿರುತ್ತದೆ. ಹೀಟರ್ ಹಾಕಿ ಗಂಟೆ ಕಳೆದ ಮೇಲೆ ಹಣೆಯಲ್ಲಿ ಬೆವರು, ಪಾದದಲ್ಲಿ ಮಂಜುಗಡ್ಡೆ ಎಂಬ ವಿಚಿತ್ರ ಸ್ಥಿತಿ ಬರುವುದು ಹೀಗೆ. ಕೋಣೆಯ ಹಿತವನ್ನು ಅಳೆಯುವ ಅಂತರರಾಷ್ಟ್ರೀಯ ಮಾನದಂಡಗಳಲ್ಲಿ ಗಾಳಿಯ ಉಷ್ಣತೆಯ ಜೊತೆಗೆ ನೆಲದ್ದೂ ಬೇರೆಯಾಗಿ ನಮೂದಾಗಿದೆ. ಬೂಟು ತೊಟ್ಟವರಿಗೆ ನೆಲ 19ರಿಂದ 29 ಡಿಗ್ರಿಯ ನಡುವೆ ಇರಬೇಕು ಎನ್ನುತ್ತವೆ ಅವು. ಚಳಿಗಾಲದ ಬೆಳಿಗ್ಗೆ ನಮ್ಮ ನೆಲದ ಮೇಲೆ ಥರ್ಮಾಮೀಟರು ಇಟ್ಟು ನೋಡಿದರೆ ಎಷ್ಟು ದೂರದಲ್ಲಿದ್ದೇವೆ ಎಂದು ತಿಳಿಯುತ್ತದೆ. ಇಟ್ಟು ನೋಡಬೇಕು ಎಂಬುದೇ ನನ್ನ ಮೊದಲ ಸಲಹೆ. ಎದೆಯೆತ್ತರದ ಗಾಳಿಯನ್ನೂ ನೆಲವನ್ನೂ ಬೇರೆ ಬೇರೆಯಾಗಿ ಅಳೆದರೆ ಚಳಿ ಎಲ್ಲಿಂದ ಬರುತ್ತಿದೆ ಎಂಬ ವಾದ ಅಲ್ಲಿಗೇ ಮುಗಿಯುತ್ತದೆ.

ಒಂದೇ ಕೋಣೆಯಲ್ಲಿ ರಾತ್ರಿಯಿಡೀ ಇದ್ದ ಕಾಂಕ್ರೀಟೂ ಮರದ ಹಲಗೆಯೂ ಒಂದೇ ಉಷ್ಣತೆಯಲ್ಲಿರುತ್ತವೆ. ಆದರೂ ಮುಟ್ಟಿದರೆ ಕಾಂಕ್ರೀಟು ಕೊರೆಯುತ್ತದೆ, ಹಲಗೆ ಅಷ್ಟಿಲ್ಲ. 8 ಡಿಗ್ರಿಯ ಕಾಂಕ್ರೀಟಿನ ಮೇಲೆ 30 ಡಿಗ್ರಿಯ ಬರಿಗಾಲು ಇಟ್ಟ ಕ್ಷಣದಲ್ಲಿ ಅವೆರಡೂ ಸೇರುವ ಜಾಗ ಸುಮಾರು 17 ಡಿಗ್ರಿಗೆ ಇಳಿಯುತ್ತದೆ. ಅಷ್ಟೇ ತಣ್ಣಗಿರುವ ಪೈನ್ ಹಲಗೆಯ ಮೇಲಾದರೆ 25ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕಾಂಕ್ರೀಟು ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಎಳೆದುಕೊಂಡದ್ದನ್ನು ಬೇಗ ಒಳಕ್ಕೆ ಸಾಗಿಸುತ್ತದೆ. 2 ಸೆಂಟಿಮೀಟರ್ ಕಾರ್ಕ್ ತಡೆಯುವಷ್ಟು ಶಾಖವನ್ನು ತಡೆಯಬೇಕಾದರೆ ಕಾಂಕ್ರೀಟು ಸುಮಾರು 70 ಸೆಂಟಿಮೀಟರ್ ದಪ್ಪ ಇರಬೇಕು. ಇದನ್ನು ಓದಿದ ಮೇಲೂ ಬರಿ ಕಾಂಕ್ರೀಟಿನ ಮೇಲೆ ದಿನವಿಡೀ ನಿಲ್ಲುವ ಮನಸ್ಸು ಯಾರಿಗಾದರೂ ಬಂದೀತೇ?

ನನ್ನ ಜೊತೆ ಕೆಲಸ ಮಾಡುವ ಹುಡುಗನೊಬ್ಬನಿದ್ದಾನೆ. ಸಾಣೆಕಲ್ಲಿನ ಮುಂದೆ ನಿಂತಾಗ ಒಂದು ಕಾಲೆತ್ತಿ ಇನ್ನೊಂದರ ಮೇಲಿಡುತ್ತಾನೆ, ಸ್ವಲ್ಪ ಹೊತ್ತಾದ ಮೇಲೆ ಅದಲುಬದಲು ಮಾಡುತ್ತಾನೆ. “ಕಾಲು ಕೊರೀತಿದೆಯೇನೋ?” ಎಂದು ಕೇಳಿದರೆ “ಇಲ್ಲಣ್ಣ, ಹಂಗೇನಿಲ್ಲ” ಎಂಬ ಉತ್ತರ. ಉಳಿಯ ಅಂಚು ಮಾತ್ರ ನಿಜ ಹೇಳುತ್ತಿತ್ತು. ಒಂಟಿಗಾಲಲ್ಲಿ ತೂಗಾಡುತ್ತಾ ಮಸೆದ ಉಳಿಯ ಬಾಯಿ ಒಂದು ಮಗ್ಗುಲಿಗೆ ಉಬ್ಬಿ ನಿಂತಿತ್ತು. ಅವನ ಕಾಲಡಿ ದಪ್ಪ ಹಲಗೆಯ ತುಂಡೊಂದನ್ನು ತಳ್ಳಿದೆ. ಮರುಮಾತಾಡದೆ ಎರಡೂ ಪಾದ ಊರಿ ನಿಂತ. ಚಳಿ ಆಗುತ್ತಿದೆ ಎಂದು ಬಾಯಿಬಿಟ್ಟು ಹೇಳುವುದೇ ಅವಮಾನ ಎಂದು ಇಷ್ಟು ಎಳೆಯ ವಯಸ್ಸಿಗೇ ಅವನಿಗೆ ಯಾರು ಕಲಿಸಿದರೋ. ನಮ್ಮಂಥ ಹಿರಿಯರೇ ಇರಬೇಕು.

ಹಲಗೆಯ ತುಂಡು ತಾತ್ಕಾಲಿಕ. ಬೆಂಚಿನ ಮುಂದೆ ಸರಿಯಾದೊಂದು ಮೆಟ್ಟುಹಲಗೆ ಮಾಡಿಕೊಳ್ಳಲು ಅರ್ಧ ದಿನ ಸಾಕು. ನಾನು ಮಾಡುವ ಕ್ರಮ ಹೀಗೆ. ನೆಲದ ತೇವ ಮೇಲೇರದಂತೆ ಮೊದಲು ದಪ್ಪನೆಯ ಪ್ಲಾಸ್ಟಿಕ್ ಹಾಳೆ. ಅದರ ಮೇಲೆ 25 ಮಿಲಿಮೀಟರ್ ದಪ್ಪದ ಗಟ್ಟಿ ಥರ್ಮೋಕೋಲ್. ಪ್ಯಾಕಿಂಗಿಗೆ ಬರುವ, ಮುಟ್ಟಿದರೆ ಕಾಳುಕಾಳಾಗಿ ಉದುರುವ ಹಗುರ ಥರ್ಮೋಕೋಲ್ ಬೇಡ, ಕಟ್ಟಡಕ್ಕೆ ಬಳಸುವ ಗಟ್ಟಿ ಹಾಳೆಯೇ ಬೇಕು. ಅದರ ಸುತ್ತ ಅಷ್ಟೇ ದಪ್ಪದ ಮರದ ಪಟ್ಟಿ ಕಟ್ಟು ಹಾಕಬೇಕು. ಮೇಲೆ 18 ಮಿಲಿಮೀಟರ್ ಪ್ಲೈವುಡ್, ಅದನ್ನು ಪಟ್ಟಿಗಳಿಗೆ ಸ್ಕ್ರೂ ಹಾಕಿ ಬಿಗಿಯಬೇಕು. ಸ್ಕ್ರೂ ತಲೆ ಒಳಗೆ ಕೂರುವಂತೆ ಗುಳಿ ಕೊರೆಯುವುದು ಮರೆಯಬಾರದು. ಮನುಷ್ಯನ ತೂಕವನ್ನು ಪ್ಲೈವುಡ್ ಅಗಲಕ್ಕೆ ಹಂಚುವುದರಿಂದ ಥರ್ಮೋಕೋಲ್ ಕುಸಿಯುವುದಿಲ್ಲ. ನಡೆದು ಬರುವ ಕಡೆಯ ಅಂಚಿಗೆ ಓರೆಯಾಗಿ ಕತ್ತರಿಸಿದ ಪಟ್ಟಿ ಜೋಡಿಸಿ ಇಳಿಜಾರು ಮಾಡಬೇಕು, ಇಲ್ಲವಾದರೆ ಕೈತುಂಬ ಸಾಮಾನು ಹಿಡಿದು ಬರುವವರು ಎಡವುತ್ತಾರೆ. ಆ ಅಂಚಿಗೆ ಹಳದಿ ಬಣ್ಣ ಬಳಿದರೆ ಇನ್ನೂ ಒಳ್ಳೆಯದು.

ಇದರಿಂದ ನಿಲ್ಲುವ ಜಾಗ 43 ಮಿಲಿಮೀಟರ್ ಎತ್ತರವಾಯಿತು, ಅಂದರೆ ಬೆಂಚು ಅಷ್ಟು ತಗ್ಗಾಯಿತು. ಕೀಸುಳಿ ತಳ್ಳುವಾಗ ತಗ್ಗು ಬೆಂಚು ಒಳ್ಳೆಯದೇ, ಮೈಭಾರ ಹಾಕಲು ಅನುಕೂಲ. ಕೀಲು ಕತ್ತರಿಸುವಂಥ ಸೂಕ್ಷ್ಮ ಕೆಲಸದಲ್ಲಿ ಮಾತ್ರ ಸೊಂಟ ಬಗ್ಗುತ್ತದೆ. ಕಾಲಿಗೆ ಹಿತ ಮಾಡಲು ಹೋಗಿ ಬೆನ್ನಿಗೆ ಪೆಟ್ಟು ಕೊಡುವುದು ಬೇಡ. ಬೆಂಚಿನ ಕಾಲುಗಳ ಕೆಳಗೂ ಅಷ್ಟೇ ದಪ್ಪದ ಮರದ ತುಂಡು ಕೊಟ್ಟು ಎತ್ತರಿಸಿಬಿಡಿ.

ಎಲ್ಲ ಕೆಲಸಕ್ಕೂ ಒಂದೇ ನೆಲಹಾಸು ಒಗ್ಗುವುದಿಲ್ಲ. ಲೋಹ ಕಡೆಯುವ ಲೇತಿನ ಮುಂದೆ ಲೋಹದ ಸುರುಳಿ, ಚೂರು, ತಂಪುಗೊಳಿಸಲು ಬಿಡುವ ದ್ರವ (ಕೂಲೆಂಟು) ಎಲ್ಲ ಬೀಳುತ್ತವೆ. ಮೆತ್ತನೆಯ ರಬ್ಬರ್ ಹಾಸಿನೊಳಗೆ ಚೂರುಗಳು ನಾಟಿಕೊಂಡು ಬೂಟಿನ ಅಡಿಗೂ ಏರುತ್ತವೆ. ಅಲ್ಲಿ ನಡುನಡುವೆ ಸಂದು ಬಿಟ್ಟ ಮರದ ಪಟ್ಟಿಗಳ ಜಾಲಿಯೇ ವಾಸಿ. ಚೂರೆಲ್ಲ ಸಂದಿನಲ್ಲಿ ಇಳಿದು ಕೆಳಗೆ ಸೇರುತ್ತದೆ, ಪಾದ ಒಣಮರದ ಮೇಲಿರುತ್ತದೆ. ವೆಲ್ಡಿಂಗ್, ಗ್ರೈಂಡಿಂಗ್ ಮಾಡುವಲ್ಲಿ ಫೋಮ್ ಹಾಸು ಕಾಲಡಿಯಲ್ಲೇ ಇಟ್ಟುಕೊಂಡ ಉರುವಲು. ಕಿಡಿ ಬಿದ್ದರೆ ಕರಗುತ್ತದೆ, ಹೊತ್ತಿಕೊಂಡರೆ ಹೊಗೆ ಉಸಿರು ಕಟ್ಟಿಸುತ್ತದೆ. ರಬ್ಬರ್ ಹಾಸು ಎಲ್ಲೇ ಹಾಕಿದರೂ ಆಗಾಗ ಎತ್ತಿ ಅಡಿಯನ್ನು ನೋಡಬೇಕು. ತಣ್ಣನೆಯ ನೆಲದ ಮೇಲೆ ಗಾಳಿಯ ತೇವ ಹನಿಗಟ್ಟಿ ಒಳಗೇ ಬೂಷ್ಟು ಹಿಡಿದಿರುತ್ತದೆ.

ಈಗ ಬೂಟಿನ ಒಳಕ್ಕೆ ಬರೋಣ. ಚಳಿ ಎಂದರೆ ದಪ್ಪ ಸಾಕ್ಸ್ ಎಂದೇ ಎಲ್ಲರ ಕೈ ಮೊದಲು ಹೋಗುತ್ತದೆ. ಸಾಕ್ಸ್ ಬೆಚ್ಚಗಿಡುವುದು ಅದರ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿಯಿಂದ. ಅಂಗಾಲಿನ ಅಡಿಯಲ್ಲಿ ಆ ಗಾಳಿ ಉಳಿಯುವುದೇ ಇಲ್ಲ, ಇಡೀ ಮೈಭಾರ ಅದನ್ನು ಹಿಂಡಿ ಹಾಕಿರುತ್ತದೆ. ಸಾಕ್ಸ್ ಕಾಯುವುದು ಪಾದದ ಮೇಲ್ಭಾಗವನ್ನೂ ಬೆರಳನ್ನೂ ಕಣಕಾಲನ್ನೂ. ಅಂಗಾಲನ್ನು ಕಾಯಬೇಕಾದದ್ದು ತುಳಿದರೂ ಚಪ್ಪಟೆಯಾಗದ ವಸ್ತು, ಅಂದರೆ ಕಾರ್ಕ್ ಅಥವಾ ಒತ್ತಾಗಿ ಅದುಮಿದ ಉಣ್ಣೆಯ ಫೆಲ್ಟ್ ಒಳಹಾಸು. ಬೂಟಿನೊಳಗೆ ಇರುವ ಜಾಗದಲ್ಲಿ ಎರಡನೇ ಜೊತೆ ಸಾಕ್ಸ್ ಹಾಕಲೋ ಒಳಹಾಸು ಹಾಕಲೋ ಎಂಬ ಪ್ರಶ್ನೆ ಬಂದರೆ, ನಿಂತು ಕೆಲಸ ಮಾಡುವವರು ಕಣ್ಣುಮುಚ್ಚಿ ಒಳಹಾಸು ಆರಿಸಿಕೊಳ್ಳಬಹುದು. ಹೊಳೆಯುವ ಅಲ್ಯೂಮಿನಿಯಂ ಪದರದ ಒಳಹಾಸುಗಳ ಬಗ್ಗೆ ದೊಡ್ಡ ಮಾತು ಕೇಳಿಬರುತ್ತದೆ. ಆ ಪದರ ಶಾಖವನ್ನು ಪ್ರತಿಫಲಿಸಬೇಕಾದರೆ ಎದುರಿಗೆ ಖಾಲಿ ಜಾಗ ಇರಬೇಕು. ಕಾಲು ಒತ್ತಿ ಕೂತಿರುವಲ್ಲಿ ಅದರ ಆಟ ನಡೆಯುವುದಿಲ್ಲ.

ಬಿಗಿ ಬೂಟಿನೊಳಗೆ ಎರಡು ಜೊತೆ ಸಾಕ್ಸ್ ತುರುಕುವುದಂತೂ ಚಳಿಯನ್ನು ಕರೆದು ಕೂರಿಸಿದಂತೆ. ಗಾಳಿಯೂ ಹೋಯಿತು, ರಕ್ತದ ಓಡಾಟವೂ ಕುಗ್ಗಿತು. ಬೆರಳುಗಳನ್ನು ಒಳಗೆ ಸಲೀಸಾಗಿ ಮಡಚಿ ಬಿಡಿಸಲು ಆಗಬೇಕು, ಅದೇ ಅಳತೆ. ಮುಂಭಾಗದಲ್ಲಿ ಉಕ್ಕಿನ ಟೊಪ್ಪಿ ಇರುವ ಸುರಕ್ಷತಾ ಬೂಟು ಕೊಳ್ಳುವಾಗ ಇದು ಇನ್ನೂ ಮುಖ್ಯ. ಉಕ್ಕು ಚರ್ಮದ ಹಾಗೆ ಹಿಗ್ಗಿ ಜಾಗ ಕೊಡುವುದಿಲ್ಲ. ಚಳಿಗಾಲದ ಸಾಕ್ಸನ್ನೂ ಒಳಹಾಸನ್ನೂ ಜೊತೆಗೊಯ್ದು, ಹಾಕಿಕೊಂಡು ನೋಡಿಯೇ ಬೂಟು ಆರಿಸಬೇಕು.

ಇಷ್ಟೆಲ್ಲ ಮಾಡಿದರೂ ಮಧ್ಯಾಹ್ನದ ಹೊತ್ತಿಗೆ ಕಾಲು ತಣ್ಣಗಾಗುತ್ತಿದ್ದರೆ ಕಾರಣ ಬಹುಪಾಲು ಬೆವರು. ಬೂಟು ಕಳಚಿ ಒಳಹಾಸನ್ನು ಎಳೆದು ಅದರ ಅಡಿಗೆ ಬೆರಳು ಹಚ್ಚಿ ನೋಡಿ. ಬೆರಳ ಬುಡ ಊರುವ ಜಾಗದಲ್ಲಿ ಬಟ್ಟೆ ಕಪ್ಪಾಗಿ, ತಣ್ಣಗೆ, ಜಿಗುಟಾಗಿರುತ್ತದೆ. ಚಳಿಯಲ್ಲೂ ಅಂಗಾಲು ಬೆವರುತ್ತದೆ, ಬೆವರಗ್ರಂಥಿಗಳು ಅತಿ ದಟ್ಟವಾಗಿರುವ ಜಾಗಗಳಲ್ಲಿ ಅದೂ ಒಂದು. ನಿಶ್ಚಲವಾದ ಗಾಳಿಗಿಂತ ನೀರು ಸುಮಾರು 24 ಪಟ್ಟು ವೇಗವಾಗಿ ಶಾಖ ಸಾಗಿಸುತ್ತದೆ, ಅದು ಆರುವಾಗ ಇನ್ನಷ್ಟನ್ನು ಎತ್ತಿಕೊಂಡು ಹೋಗುತ್ತದೆ. ಹತ್ತಿಯ ಸಾಕ್ಸ್ ನೆನೆದರೆ ಪಾದಕ್ಕೆ ಅಂಟಿಕೊಂಡು ಜೀವ ಕಳೆದುಕೊಳ್ಳುತ್ತದೆ. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವವನ್ನು ಎಳೆಯೊಳಗೆ ಹೀರಿಕೊಂಡರೂ ಮುಟ್ಟಲು ಒದ್ದೆ ಅನ್ನಿಸುವುದಿಲ್ಲ, ನೆನೆದರೂ ಅದರ ಸ್ಪ್ರಿಂಗಿನಂಥ ಗುಣ ಪೂರ್ತಿ ಹೋಗುವುದಿಲ್ಲ. ಇನ್ನೊಂದು ಮಾತು, ಕಿಡಿ ಹಾರುವ ಕೆಲಸ ಮಾಡುವವರಿಗೆ. ಕಿಡಿ ಬಿದ್ದರೆ ಉಣ್ಣೆ ಕರಕಲಾಗುತ್ತದೆ, ನೈಲಾನ್ ಕರಗಿ ಚರ್ಮಕ್ಕೆ ಅಂಟುತ್ತದೆ.

ತೇವದ ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಮೊದಲ ಮಹಾಯುದ್ಧದಲ್ಲಿ, 1914–15ರ ಚಳಿಗಾಲದ ಕಂದಕಗಳಲ್ಲಿ, ಸಾವಿರಾರು ಸೈನಿಕರ ಪಾದಗಳು ಊದಿ, ಜೋಮು ಹಿಡಿದು, ಕೊಳೆತವು. ನೀರು ಹೆಪ್ಪುಗಟ್ಟುವಷ್ಟು ಚಳಿ ಇಲ್ಲದಿದ್ದಾಗಲೂ ಹೀಗಾಯಿತು. ತೇವ, ಬಿಗಿಯಾದ ಬೂಟು, ಗಂಟೆಗಟ್ಟಲೆ ಕದಲದೆ ನಿಲ್ಲುವುದು, ಇವು ಚಳಿಯ ಜೊತೆ ಸೇರಿದ್ದೇ ಸಾಕಾಯಿತು. ಅದನ್ನು ಹತೋಟಿಗೆ ತಂದದ್ದು ಸಹನೆಯ ಉಪದೇಶವಲ್ಲ. ಕಂದಕದ ತಳಕ್ಕೆ ಮರದ ಜಾಲಿ ಹಾಸಿದರು, ಒಣಗಿದ ಸಾಕ್ಸ್ ಒದಗಿಸಿದರು, ಇಬ್ಬಿಬ್ಬರ ಜೋಡಿ ಮಾಡಿ ಒಬ್ಬರ ಪಾದವನ್ನು ಇನ್ನೊಬ್ಬರು ದಿನಾ ನೋಡುವಂತೆ ಮಾಡಿದರು, ಮೇಲ್ವಿಚಾರಣೆಯನ್ನು ಅಧಿಕಾರಿಗಳ ತಲೆಗೆ ಕಟ್ಟಿದರು. ನಮ್ಮ ಕಾರ್ಯಾಗಾರ ಕಂದಕವಲ್ಲ, ಆ ಮಟ್ಟದ ಅಪಾಯವೂ ಇಲ್ಲ. ಆದರೆ ಉಪಾಯ ಅದೇ. ಮಧ್ಯಾಹ್ನಕ್ಕೊಮ್ಮೆ ಒಣ ಸಾಕ್ಸ್ ಬದಲಿಸಿದರೆ ಸಿಗುವ ಸುಖ ದೊಡ್ಡ ಹೀಟರಿನಿಂದಲೂ ಸಿಗುವುದಿಲ್ಲ. ಎರಡು ಜೊತೆ ಬೂಟು ಇಟ್ಟುಕೊಂಡು ದಿನ ಬಿಟ್ಟು ದಿನ ತೊಡಬೇಕು. ಸಂಜೆ ಒಳಹಾಸು ಹೊರಗೆಳೆದು, ಬೂಟಿಗೆ ಹಳೆಯ ಪತ್ರಿಕೆ ತುರುಕಿ, ಬೆಚ್ಚಗಿರುವ ಕೋಣೆಯಲ್ಲಿ ಇಡಬೇಕು. ರಾತ್ರಿ ಕಾರ್ಯಾಗಾರದಲ್ಲೇ ಬಿಟ್ಟ ಬೂಟು ಬೆಳಿಗ್ಗೆ ನೆಲದಷ್ಟೇ ತಣ್ಣಗಿರುತ್ತದೆ. ಅದನ್ನು ಕಾಯಿಸುವ ಹೊರೆ ಪಾದದ ಮೇಲೇ ಬೀಳುತ್ತದೆ.

ಮೇಲಿನಿಂದ ಬಿಸಿ ಬರುವ ಮಾತಿಗೆ ಬಂದರೆ, ತೋಳಿಲ್ಲದ ದಪ್ಪ ಜಾಕೆಟ್ಟು ಕಾಲಿಗೂ ಉಪಕಾರಿ. ಎದೆ ಬೆಚ್ಚಗಿದ್ದರೆ ದೇಹ ಕೈಕಾಲಿಗೆ ರಕ್ತ ಬಿಡಲು ಜಿಪುಣತನ ಮಾಡುವುದಿಲ್ಲ. ಮೀನಖಂಡಕ್ಕೆ ಉಣ್ಣೆಯ ಹೊದಿಕೆ ಹಾಕುವುದನ್ನು ಬಹಳ ಜನ ಅಲಕ್ಷಿಸುತ್ತಾರೆ. ಪಾದಕ್ಕೆ ಹೋಗುವ ರಕ್ತ ಹಾದುಹೋಗುವ ದಾರಿ ಅದೇ ಅಲ್ಲವೇ? ಟೋಪಿಯೂ ಇರಲಿ, ಆದರೆ ದೇಹದ ಅರ್ಧ ಶಾಖ ತಲೆಯಿಂದಲೇ ಹೋಗುತ್ತದೆ ಎಂಬ ಮಾತು ನಿಜವಲ್ಲ. ತಲೆ ಕಳೆದುಕೊಳ್ಳುವುದು ಹೆಚ್ಚುಕಡಿಮೆ ಅದರ ವಿಸ್ತಾರಕ್ಕೆ ತಕ್ಕಷ್ಟೇ.

ಎಲ್ಲಕ್ಕಿಂತ ಅಗ್ಗದ ಶಾಖ ನಡಿಗೆಯದು. ಸುಮ್ಮನೆ ಕೂತ ದೇಹ ಸುಮಾರು 100 ವ್ಯಾಟ್ ಶಾಖ ಹುಟ್ಟಿಸುತ್ತದೆ, ನಡೆದಾಡುವಾಗ ಅದು ಇಮ್ಮಡಿಯಾಗುತ್ತದೆ. ಮೀನಖಂಡ ಬಿಗಿದು ಸಡಿಲವಾದಾಗಲೆಲ್ಲ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಕದಲದೆ ನಿಂತರೆ ಆ ಕೆಲಸ ನಿಲ್ಲುತ್ತದೆ. ಹಾಗಾಗಿ ಕೆಲಸದ ಸರದಿಯನ್ನೇ ಚಳಿಗೆ ಹೊಂದಿಸಿಕೊಳ್ಳುವುದು ನನಗಿಷ್ಟ. ಬೆಳಿಗ್ಗೆ ಹಲಗೆ ಕೊಯ್ಯುವುದು, ಕೀಸುವುದು, ಸಾಮಾನು ಹೊರುವುದು. ಗೆರೆ ಹಾಕುವುದು, ಕೆತ್ತುವುದು, ಸಾಣೆ ಹಿಡಿಯುವುದು ಮೈ ಕಾದ ಮೇಲೆ. ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುವುದೂ ಒಳ್ಳೆಯದೇ, ಆದರೆ ಕೈಯಲ್ಲಿ ಉಳಿ ಇಲ್ಲದಾಗ.

ಬಿಸಿ ಕೊಡುವ ಸಾಧನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಂಚಿನಡಿ ಇಡುವ ಇನ್ಫ್ರಾರೆಡ್ ಪ್ಯಾನೆಲ್, ಕಾಲಡಿಯ ವಿದ್ಯುತ್ ಮ್ಯಾಟು ಇವು ಇಡೀ ಕೋಣೆಯನ್ನು ಕಾಯಿಸದೆ ಕಾಲನ್ನಷ್ಟೇ ಕಾಯಿಸುತ್ತವೆ, ವಿದ್ಯುತ್ತೂ ಕಡಿಮೆ ಸಾಕು. ಮರದ ಪುಡಿ, ತಿನ್ನರ್ ಇರುವಲ್ಲಿ ಕೆಂಪಗೆ ಕಾಯುವ ತಂತಿಯ ಹೀಟರ್ ಬೇಡವೇ ಬೇಡ. ಹೊಗೆಕೊಳವೆ ಇಲ್ಲದ ಗ್ಯಾಸ್ ಹೀಟರು 1 ಕಿಲೋ ಪ್ರೊಪೇನ್ ಉರಿಸಿದರೆ ಸುಮಾರು 1.6 ಕಿಲೋ ನೀರಾವಿ ಕೋಣೆಗೆ ಬಿಡುತ್ತದೆ. ಅದು ತಣ್ಣಗಿನ ಉಪಕರಣಗಳ ಮೇಲೆ ತುಕ್ಕಾಗಿ ಕೂರುತ್ತದೆ. ಕಾರ್ಬನ್ ಮೊನಾಕ್ಸೈಡಿನ ಭಯ ಬೇರೆ. ಕಬ್ಬಿಣದ ಪುಡಿ ತುಕ್ಕು ಹಿಡಿಯುವಾಗ ಹೊಮ್ಮುವ ಶಾಖದಿಂದ ಕೆಲಸ ಮಾಡುವ ಪುಟ್ಟ ಚೀಲಗಳೂ ಇವೆ. ಅವಕ್ಕೆ ಗಾಳಿ ಬೇಕು, ಆದ್ದರಿಂದ ಕೈಗೆಂದು ಮಾಡಿದ್ದನ್ನು ಬೂಟಿನೊಳಗೆ ಹಾಕಬೇಡಿ, ಕಾಲ್ಬೆರಳಿಗೆಂದೇ ಮಾಡಿದ್ದನ್ನು ಸಾಕ್ಸಿನ ಹೊರಗೆ ಅಂಟಿಸಿ. ಬರಿ 44 ಡಿಗ್ರಿಯ ವಸ್ತುವೂ ಆರು ಗಂಟೆ ಚರ್ಮಕ್ಕೆ ಒತ್ತಿಕೊಂಡಿದ್ದರೆ ಸುಟ್ಟ ಗಾಯ ಮಾಡಬಲ್ಲದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರು ಇಂಥ ಯಾವುದನ್ನೂ ನಂಬಬಾರದು. ಸುಡುತ್ತಿದೆ ಎಂದು ಅವರ ಪಾದ ಹೇಳುವುದಿಲ್ಲ. ಅವರು ದಿನಾ ಸಂಜೆ ಅಂಗಾಲನ್ನು ಕಣ್ಣಾರೆ ನೋಡಿಕೊಳ್ಳಬೇಕು.

ಕೆಲಸ ಬಿಟ್ಟು ಬಂದ ಕೂಡಲೇ ಮರಗಟ್ಟಿದ ಪಾದವನ್ನು ಬೆಂಕಿಯೆದುರು ಚಾಚುವ ಅಭ್ಯಾಸವೂ ಒಳ್ಳೆಯದಲ್ಲ. ಥಟ್ಟನೆ ಕಾದ ಬೆರಳುಗಳು ಕೆಂಪೇರಿ, ಊದಿಕೊಂಡು, ರಾತ್ರಿಯಿಡೀ ತುರಿಸಿ ಉರಿಯಬಹುದು. ಒಣ ಸಾಕ್ಸ್ ಹಾಕಿ ನಾಲ್ಕು ಹೆಜ್ಜೆ ಓಡಾಡಿ ನಿಧಾನಕ್ಕೆ ಬೆಚ್ಚಗಾಗಲು ಬಿಡಬೇಕು. ಸಣ್ಣ ಚಳಿಗೂ ಬೆರಳು ಬಿಳಿಚಿ, ನೀಲಿಗಟ್ಟಿ, ಆಮೇಲೆ ಕೆಂಪಗಾಗುವವರಿದ್ದಾರೆ. ಮೊರಿಸ್ ರೇನೋ ಎಂಬ ಫ್ರೆಂಚ್ ವೈದ್ಯ 1862ರಲ್ಲಿ ವಿವರಿಸಿದ, ಅವನ ಹೆಸರನ್ನೇ ಹೊತ್ತ ತೊಂದರೆ ಇದು. ಅವರು ಹಲಗೆ, ಸಾಕ್ಸ್ ಎಂದು ಕೂರದೆ ವೈದ್ಯರಿಗೆ ತೋರಿಸಬೇಕು. ಬೀಡಿ, ಸಿಗರೇಟು ಸೇದುವವರಿಗೆ ಚಳಿಯಲ್ಲಿ ಇನ್ನೂ ಕಷ್ಟ, ನಿಕೋಟಿನ್ ರಕ್ತನಾಳಗಳನ್ನು ಮತ್ತಷ್ಟು ಕಿರಿದು ಮಾಡುತ್ತದೆ.

ಹೊಸದಾಗಿ ಕಾರ್ಯಾಗಾರ ಕಟ್ಟಿಸುವವರಿಗೆ ಒಂದು ಮಾತು ಬಾಕಿಯಿದೆ. ಕಾಂಕ್ರೀಟು ಸುರಿಯುವ ಮೊದಲೇ ಅದರ ಅಡಿಗೆ ತೇವ ತಡೆಯುವ ಹಾಳೆಯನ್ನೂ ಭಾರ ತಾಳುವ ಗಟ್ಟಿ ಫೋಮನ್ನೂ ಹಾಸಿಸಿ. ನಡುವೆಯಷ್ಟೇ ಸಾಲದು, ನೆಲದ ನಾಲ್ಕೂ ಅಂಚಿಗೂ ಫೋಮ್ ನಿಲ್ಲಿಸಬೇಕು, ಶಾಖ ಹೆಚ್ಚಾಗಿ ಸೋರುವುದು ಅಲ್ಲಿಂದಲೇ. ಭಾರದ ಯಂತ್ರ ಕೂರುವ ಜಾಗ ಯಾವುದೆಂದು ಮೊದಲೇ ಗುರುತು ಹಾಕಿ ಎಂಜಿನಿಯರಿಗೆ ತಿಳಿಸಿ, ಅಲ್ಲಿಗೆ ಬೇಕಾದ ಗಟ್ಟಿತನ ಬೇರೆ. ಮೇಸ್ತ್ರಿ ಇದೆಲ್ಲ ದಂಡ ಖರ್ಚು ಎನ್ನಬಹುದು. ಪಟ್ಟು ಬಿಡಬೇಡಿ. ಕಾಂಕ್ರೀಟು ಬಿದ್ದ ಮೇಲೆ ಅದರ ಅಡಿಗೆ ಏನನ್ನೂ ಹಾಸಲಾಗುವುದಿಲ್ಲ.